ಭೀಮಶ್ಯಾನ ಹೆಸರಿನ ಮುಂದಿನ ಗುರುತು

ಕರಿಕಲ್ಲೂರು, ಶ್ರಾವಣದ ಮೂವತ್ತೆಂಟನೇ ದಿನ, ೨೧೬೮

ಕಾಶಮ್ಮಾಯಿಗೆ, ನಿನ್ನ ಮರಿಮೊಮ್ಮಗಳ ಮಗಳು ಗೌರಾಬಾಯಿ ಮಾಡುವ ಶರಣು.

ತಾರೀಖು ನೋಡಿ ಗಾಬರಿಯಾಗಬೇಡ. ಮಳೆ ಮನಸ್ಸಿಗೆ ಬಂದಾಗ ಸುರಿಯತೊಡಗಿದ ಮೇಲೆ ನಾವು ತಿಂಗಳುಗಳನ್ನೂ ಹಿಗ್ಗಿಸಿಕೊಂಡೆವು. ಈ ಸಲದ ಶ್ರಾವಣಕ್ಕೆ ನಲವತ್ತೊಂದು ದಿನ. ಗೊತ್ತಿಲ್ಲದ ಪದ ನುಸುಳಿದರೆ ಕ್ಷಮಿಸು. ನೂರಾ ನಲವತ್ತು ವರ್ಷ ಹಿಂದೆ ಕೂತು ಇದನ್ನೋದುವ ನಿನಗೀಗ ಮೂವತ್ತೊಂದು ವರ್ಷ, ನನಗೆ ಐವತ್ತೆಂಟು. ಆದರೂ ಆಯಿ ನೀನೇ, ನನ್ನಿಂದ ಬೈಸಿಕೊಳ್ಳಬೇಕಾದವಳೂ ನೀನೇ.

ನಾನು ಪರಕಣ್ಣಿನ ಮನೆಯಲ್ಲಿ ಕೆಲಸ ಮಾಡುತ್ತೇನೆ. ಯಾವ ಊರೂ ತನ್ನ ರಕ್ತವನ್ನು ತಾನೇ ಪರೀಕ್ಷಿಸಬಾರದು, ಹೊರಗಿನವರ ಕಣ್ಣೇ ನೋಡಬೇಕು ಎಂಬ ಪದ್ಧತಿಗೆ ಪರಕಣ್ಣು ಎನ್ನುತ್ತೇವೆ. ನಮ್ಮ ರಕ್ತದ ಹನಿಗಳನ್ನು ನೋಡಲು ಟಾಂಜಾನಿಯಾದ ಕಡಲತೀರದಿಂದ ನೀಮಾ ಬಂದಿದ್ದಾಳೆ. ಅವಳೂರಿಗೆ ನಮ್ಮ ಓಣಿಯ ಇಬ್ಬರು ಹೋಗಿದ್ದಾರೆ. ನೀಮಾ ಖಡಕ್ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತಾಳೆ, ನಾವು ಕಂಡೂ ಕಾಣದಂತಿರುತ್ತೇವೆ. ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿಗಳಲ್ಲಿ ನಿಂತ ನೀರಿನ ಮೇಲೆ ಸೊಳ್ಳೆ ಹಿಡಿಯುವ ಬುಟ್ಟಿಗಳು ತೇಲುತ್ತವೆ. ಪ್ರತಿ ಬುಧವಾರ ಅವನ್ನೆತ್ತಿ, ಸೊಳ್ಳೆಗಳೊಳಗೆ ಆನೆಕಾಲು ರೋಗದ ಹುಳು ಇದೆಯೇ ಎಂದು ಹುಡುಕುತ್ತೇವೆ. ನಲವತ್ತು ವರ್ಷಗಳಿಂದ ಒಂದೂ ಸಿಕ್ಕಿಲ್ಲ. ಆದರೂ ಬಿಡುವುದಿಲ್ಲ, ಒಮ್ಮೆ ಮುಗಿಯಿತೆಂದು ನಂಬಿ ಕೆಟ್ಟವರು ನಾವು.

ಹೇಗೆ ಕೆಟ್ಟೆವು ಎಂಬುದು ನಿನ್ನ ರಿಜಿಸ್ಟರಿನಲ್ಲಿದೆ. ಅದೀಗ ನನ್ನ ಮುಂದಿದೆ. ಊರಿನ ಆಶಾ ಕಾರ್ಯಕರ್ತೆಯಾದ ನೀನು ನಾಳೆ ಬೆಳಿಗ್ಗೆ ಆನೆಕಾಲು ರೋಗದ ಗುಳಿಗೆಯ ಡಬ್ಬಿ ಹಿಡಿದು ಹೊರಡುತ್ತೀ. ಉಂಡ ಮೇಲೆ ಕಣ್ಣೆದುರೇ ನುಂಗಿಸಬೇಕು, ಆಮೇಲಷ್ಟೇ ರಿಜಿಸ್ಟರಿನಲ್ಲಿ ಹೆಸರಿನ ಮುಂದೆ ಗುರುತು ಹಾಕಬೇಕು ಎಂದು ನಿನಗೆ ಕಲಿಸಿದ್ದಾರೆ. ನೂರಾ ಹನ್ನೆರಡು ಮನೆಗಳಲ್ಲಿ ಹಾಗೆಯೇ ಮಾಡುತ್ತೀ. ಗೌಡರ ಮನೆಯ ಮುದುಕನ ಬಾಯಿ ತೆರೆಸಿ ನಾಲಗೆಯಡಿ ನೋಡುವಷ್ಟು ಗಟ್ಟಿಗಿತ್ತಿ ನೀನು. ನಿನ್ನ ಮನೆಯಲ್ಲಿ ಮಾತ್ರ ಸೋಲುತ್ತೀ. "ನನ್ನ ಕಾಲೇನ್ ಬಾತಾವೇನು? ಹ್ವಾದ ವರ್ಷ ನುಂಗಿ, ಜ್ವರಾ ಬಂದು ಮೂರು ದಿನ ಹಾಸಿಗಿ ಹಿಡದಿದ್ದೆ. ಸುಮ್ಮ ಗುರ್ತು ಹಾಕು, ಮನಿಯಾಕಿನೇ ಇದ್ದಿ," ಎನ್ನುತ್ತಾನೆ ಗಣಿಗೆ ಹೊರಟ ನಿನ್ನ ಗಂಡ ಭೀಮಶ್ಯಾ. ನೀನು ನಗುತ್ತಾ ಹಾಕಿಬಿಡುತ್ತೀ.

ಆಯಿ, ಆ ಜ್ವರ ಗುಳಿಗೆಯ ದೋಷವಲ್ಲ. ಅವನ ರಕ್ತದಲ್ಲಿದ್ದ ಮರಿಹುಳುಗಳು ಸತ್ತದ್ದರಿಂದ ಬಂದದ್ದು. ದೊಡ್ಡ ಹುಳು ಒಳಗೇ ಇದೆ, ಮತ್ತೆ ಮರಿ ಹಾಕುತ್ತಿದೆ. ಅವನನ್ನು ಕಚ್ಚುವ ಸೊಳ್ಳೆಗಳೇ ಪಕ್ಕದಲ್ಲಿ ಮಲಗುವ ಆರು ವರ್ಷದ ಭಾಗ್ಯವಂತಿಯನ್ನೂ ವರ್ಷವಿಡೀ ಕಚ್ಚುತ್ತವೆ. ಇಪ್ಪತ್ತೇಳನೇ ವಯಸ್ಸಿಗೆ ನಿನ್ನ ಮಗಳ ಎಡಗಾಲು ಬಾತುಕೊಳ್ಳುತ್ತದೆ, ಮತ್ತೆ ಇಳಿಯುವುದಿಲ್ಲ. ರೋಗ ಹೋಯಿತೆಂದು ಸಾರಿದ ತಾಲ್ಲೂಕಿನಲ್ಲಿ ಅದು ನಮ್ಮ ಓಣಿಯಿಂದಲೇ ಮತ್ತೆ ಹಬ್ಬುತ್ತದೆ.

ಪರಕಣ್ಣನ್ನು ಕಟ್ಟಿದವಳು ಆ ಭಾಗ್ಯವಂತಿಯೇ. ಈ ರಿಜಿಸ್ಟರು ಸಿಕ್ಕಿ, ಆ ಗುರುತಿನ ಕಥೆಯನ್ನು ನಿನ್ನ ಬಾಯಿಂದಲೇ ಕೇಳಿದ ದಿನ ಅವಳು ನಿನ್ನನ್ನು ಬೈಯಲಿಲ್ಲವಂತೆ. "ನಮ್ಮವರ ಮುಂದ ನಮ್ಮ ಕಣ್ಣು ಮೆತ್ತಗಾಗ್ತಾವ," ಎಂದಷ್ಟೇ ಅಂದಳಂತೆ. ಮುಂದೆ ನಾಲ್ಕು ದೇಶದ ಸಂಶೋಧಕರನ್ನು ಕಾಡಿ ಬೇಡಿ ಒಪ್ಪಿಸಿದಳು. ನಮ್ಮ ಮನೆತನದ ಹೆಸರೆಲ್ಲ ಅವಳಿಂದ ಬಂದದ್ದು. ಆದರೆ ಅವಳು ಸಾಯುವವರೆಗೂ ಎರಡು ಅಳತೆಯ ಚಪ್ಪಲಿ ಹೊಲಿಸಿಕೊಂಡಳು. ಎಡಗಾಲಿನದು ನಮ್ಮಲ್ಲಿದೆ, ನನ್ನ ಎರಡೂ ಪಾದಗಳು ಅದೊಂದರಲ್ಲೇ ಹಿಡಿಸುತ್ತವೆ. ಅದನ್ನು ಕಂಡಾಗಲೆಲ್ಲ ನಿನ್ನ ಮೇಲೆ ಸಿಟ್ಟು ಬರುತ್ತದೆ, ಆಮೇಲೆ ಅಳು ಬರುತ್ತದೆ.

ನಾಳೆ ನೀನು ಆ ಸುಳ್ಳು ಗುರುತು ಹಾಕದಿದ್ದರೆ ಪರಕಣ್ಣು ಹುಟ್ಟದೇ ಇರಬಹುದು, ನೀಮಾ ಇಲ್ಲಿಗೆ ಬರದೇ ಇರಬಹುದು, ಈ ಪತ್ರವೂ ಇರಲಿಕ್ಕಿಲ್ಲ. ಇರದಿದ್ದರೆ ಬೇಡ. ಬೇರೆ ಯಾರೋ ಬೇರೆ ದಾರಿಯಲ್ಲಿ ಹುಳುವನ್ನು ಮುಗಿಸಿಯಾರು. ನೀನು ಪೆನ್ನು ಕೆಳಗಿಡು. ನಿನ್ನ ಗಂಡ, ನಮ್ಮ ಭೀಮಶ್ಯಾ ಮುತ್ಯಾನಿಗೆ ಎರಡು ರೊಟ್ಟಿ ಬಡಿಸಿ, ಗುಳಿಗೆ ನುಂಗುವವರೆಗೆ ಬಾಗಿಲಿಗೆ ಅಡ್ಡ ನಿಲ್ಲು. ಬೈದರೆ ಬೈಸಿಕೋ. ಭಾಗ್ಯವಂತಿ ದೊಡ್ಡವಳಾದಾಗ ಅಂಗಡಿಗೆ ಹೋಗಿ ಒಂದೇ ಅಳತೆಯ ಜೋಡಿ ಚಪ್ಪಲಿ ಕೊಳ್ಳಲಿ.