ವೇದಿಕೆಗೆ ಕರೆಯದ ಹೆಸರು

ಅಶ್ವಿನಿ,

ಮಸ್ಕಿಯ ನಿಮ್ಮ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಈ ಪತ್ರವನ್ನು ಎಲ್ಲಿಗೂ ಕಳಿಸುವುದಿಲ್ಲ.

ಲಿಂಗಸುಗೂರಿನಲ್ಲಿ ನಾವಿಬ್ಬರೂ ಓದಿದ ಕಾಲೇಜಿನಲ್ಲೇ ನಾನೀಗ ಅಧ್ಯಾಪಕಿ. ತುರ್ತು ನೆರವಿನ ನಿಧಿಯನ್ನೂ ನೋಡಿಕೊಳ್ಳುತ್ತೇನೆ. ಈಗಲೂ ವಿದ್ಯಾರ್ಥಿಗಳನ್ನು ವೇದಿಕೆಗೆ ಕರೆದು, ಫೋಟೊ ತೆಗೆಸಿ ನೆರವು ಕೊಡುತ್ತಾರೆ.

ಮುದಗಲ್ಲಿನಿಂದ ಬರುವ ಕಹಕಶಾಳ ತಂದೆ ಆಸ್ಪತ್ರೆಯಲ್ಲಿದ್ದಾರೆ. ಅವಳ ಪರೀಕ್ಷಾ ಶುಲ್ಕಕ್ಕೆ ನೆರವು ಬೇಕಿತ್ತು.

“ಸ್ಟೇಜಿಗೆ ಕರೀತೀರಂದ್ರ ಬ್ಯಾಡ್ರೀ ಮೇಡಂ. ಮುಂದಿನ ವರ್ಷ ಬರೀತೀನಿ,” ಎಂದಳು.

“ಮುಂದಿನ ವರ್ಷ ನೀ ಬರಂಗಿಲ್ಲ ಬೇ,” ಎಂದೆ.

ನಿಧಿಯಿಂದ ನೇರವಾಗಿ ಶುಲ್ಕ ಕಟ್ಟಿಬಿಟ್ಟೆ.

“ಫೋಟೊ ಇಲ್ಲಂದ್ರ ದಾನಿಗಳಿಗೆ ಏನು ತೋರಸೋಣ್ರೀ?” ಎಂದು ಪ್ರಾಂಶುಪಾಲರು ಕೇಳಿದರು.

“ರಸೀದಿ ಐತ್ರಿ ಸರ್.”

ಇವತ್ತು ಕಹಕಶಾ ಪರೀಕ್ಷೆ ಬರೆದಳು. ನಮ್ಮದೇ ಹಳೆಯ ಕೊಠಡಿ, ನಾನೇ ಮೇಲ್ವಿಚಾರಕಿ. ನೆರವಿಗೆಂದು ನಿನ್ನ ಹೆಸರನ್ನು ಮೈಕಿನಲ್ಲಿ ಕೂಗಿದ ವರ್ಷ, ಪರೀಕ್ಷೆಯ ದಿನ ಇದೇ ಕೊಠಡಿಯಲ್ಲಿ ನನ್ನ ಪಕ್ಕದ ನಿನ್ನ ಜಾಗ ಖಾಲಿಯಿತ್ತು. ನಾನು ತಲೆಯೆತ್ತದೆ ಬರೆದಿದ್ದೆ.