ಪಂಚಮಿಯ ಉಂಡಿ ಡಬ್ಬಿ

ಕೌಲ್ ಬಜಾರ್, ಬಳ್ಳಾರಿ
೨೭ ಆಗಸ್ಟ್ ೨೦೦೭

ನನ್ನ ಶೀಲವ್ವಗೆ ಅಕ್ಕನ ಮುದ್ದು.

ಪಂಚಮಿಗೆ ತವರಿಗೆ ಕರೆಯಲು ಸಿರಿಗೇರಿಯಿಂದ ನೀವು ಯಾರಾದರೂ ಬರುತ್ತೀರೆಂದು ಸೀರೆ ಮಡಚಿ ಇಟ್ಟುಕೊಂಡಿದ್ದೆ. ಮೈಲಾರಲಿಂಗಪ್ಪ ಕಾಕಾ ಒಬ್ಬನೇ ಬಂದು ಶೇಂಗಾ ಉಂಡಿ ಕೊಟ್ಟು ಹೋದ. ಡಬ್ಬಿ ವಾಪಸ್ ಕಳಿಸಬೇಡ ಅಂದಳಂತೆ ಅವ್ವ. ಹುಚ್ಚಿ! ಡಬ್ಬಿಯಿಂದ, ತಟ್ಟೆಯಿಂದ, ಸೊಳ್ಳೆಯಿಂದ ಎಚ್‌ಐವಿ ಬರುವುದಿಲ್ಲ ಅಂತ ಎಷ್ಟು ಸಲ ಹೇಳಲಿ.

ಕಾಕಾ ಬಾಯಿ ತಪ್ಪಿ ಇನ್ನೊಂದು ಮಾತೂ ಆಡಿದ. ನಾನು ಹೋದ ಮೇಲೆ ನಿನ್ನನ್ನು ನಿನ್ನ ಭಾವನಿಗೇ ಕೊಡುತ್ತಾರಂತೆ. "ಕೂಸು ಪರದೇಶಿ ಆಗಬಾರದಲ್ಲ" ಅಂದ. ಶೀಲಾ, ಒಪ್ಪಬೇಡ. ಅತ್ತರೂ, ಹೊಡೆದರೂ ಒಪ್ಪಬೇಡ.

ಈ ರೋಗ ನನಗೆ ಬಂದಿದ್ದೇ ನಿನ್ನ ಭಾವನಿಂದ. 'ಅವರು' ಅಂತ ಬರೆಯಲು ಇವತ್ತು ಕೈ ಬರುತ್ತಿಲ್ಲ. ಅದಿರು ಲಾರಿ ಹತ್ತಿ ಬಂದರಿಗೆ ಹೋಗಿ ಬರುವ ದಾರಿಯಲ್ಲಿ ಎಲ್ಲಿ ಅಂಟಿಸಿಕೊಂಡನೋ ಶಿವನೇ ಬಲ್ಲ. ದವಾಖಾನೆಯಲ್ಲಿ ಇಬ್ಬರ ರಕ್ತ ನೋಡಿದರು, ಇಬ್ಬರಲ್ಲೂ ಇತ್ತು. ಹೊರಗೆ ಬಂದವನೇ ಕೈ ಹಿಡಿದು, "ನಿಂದಷ್ಟ ಹೇಳು, ನಂದು ಹೇಳಬ್ಯಾಡ, ಲಾರಿ ಕೆಲಸ ಹೋಗತೈತಿ" ಅಂದ. ಕೂಸಿನ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.

ಅವನನ್ನು ನೋಡಿದರೆ ಯಾರು ನಂಬುತ್ತಾರೆ? ಇದು ರೋಗದ ಎದುರು ನಿಲ್ಲುವ ಮೈಯ ಶಕ್ತಿಯನ್ನೇ ತಿನ್ನುತ್ತದೆಯಂತೆ, ವರ್ಷಗಟ್ಟಲೆ ಹೊರಗೆ ಏನೂ ಕಾಣುವುದಿಲ್ಲವಂತೆ. ಡಾಕ್ಟರಮ್ಮ ಹೇಳಿದರು. ಅಷ್ಟರಲ್ಲೇ ಹಾಸಿಗೆ ಹಂಚಿಕೊಂಡವರಿಗೆ ದಾಟಿರುತ್ತದೆ. ರಕ್ತದಿಂದ, ಹೆರಿಗೆಯಲ್ಲಿ, ಎದೆಹಾಲಿನಲ್ಲೂ ದಾಟುತ್ತದೆ. ನನಗೆ ಬಾಣಂತನದಲ್ಲೇ ಟಿ.ಬಿ. ಹಿಡಿಯಿತು, ಬಾಯೆಲ್ಲ ಹುಣ್ಣಾಯಿತು. ಗುಳಿಗೆ ಶುರುವಾಗಿದ್ದು ತಡವಾಗಿ. ಈಗ ಬಳೆಗಳು ಮೊಣಕೈ ತನಕ ಜಾರುತ್ತವೆ. ಕೂಸಿಗೆ ಮಾತ್ರ ಇಲ್ಲವಂತೆ. ಅದೊಂದು ಬಿಟ್ಟರೆ ನನಗೆ ಸಮಾಧಾನ ಅನ್ನುವುದು ಏನೂ ಉಳಿದಿಲ್ಲ.

ನನ್ನ ತಟ್ಟೆ ಕಂಡು ದೂರ ಸರಿಯುವವರೇ ನಿನ್ನನ್ನು ಅವನ ಹಾಸಿಗೆಗೆ ಕಳಿಸಲು ಹೊರಟಿದ್ದಾರೆ. ಕೂಸನ್ನು ಎತ್ತಿಕೊಂಡು ಹೋಗಿ ನೀನೇ ಸಾಕು. ತಾಳಿ ಮಾತ್ರ ಕಟ್ಟಿಸಿಕೊಳ್ಳಬೇಡ.

ಇನ್ನೂ ಇರುವ ನಿನ್ನ ಅಕ್ಕ,
ಸುವರ್ಣ

ತಾ.ಕ.: "ಇದನ್ನೆಲ್ಲ ಅಪ್ಪನಿಗೆ ಹೇಳು, ಅಕ್ಕಾ" ಅನ್ನುತ್ತೀಯ. ಮೊನ್ನೆಯೇ ಕರೆಸಿ ಹೇಳಿದೆ. ಹೊಸ್ತಿಲ ಹೊರಗೆ ನಿಂತು ಕೇಳಿದ, ನಾನು ಕೊಟ್ಟ ನೀರು ಮುಟ್ಟಲಿಲ್ಲ. ಅಷ್ಟರಲ್ಲಿ ನಿನ್ನ ಭಾವ ಹೋಟೆಲ್ಲಿನಿಂದ ಚಹಾ ಕುಡಿಯುತ್ತಲೇ ಬಂದ. ಅದೇ ಲೋಟದಲ್ಲಿ ಉಳಿದದ್ದನ್ನು ಅಪ್ಪ ಕುಡಿದು, ಹೊರಡುವಾಗ ನನಗೆ ಹೇಳಿದ: "ತಂಗಿ ಬಾಳುವಿಗೆ ಹೊಟ್ಟಿಕಿಚ್ಚು ಪಡಬ್ಯಾಡ ಯವ್ವಾ. ಆಕಿನಾರ ಸುಖದಿಂದ ಇರಲಿ."