ಡಿಕ್ಕಿಯೊಳಗಿನ ಸಿಳ್ಳೆ

ಅಂಗಡಿಯ ಮೇಲಿನ ಕೋಣೆ
ಮಂಗಳವಾರ, ತಾರೀಕು ಹದಿನಾಲ್ಕು, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕಳೆದ ಪತ್ರದಲ್ಲಿ ಬರೆದಿದ್ದ ಸೊಂಟ ನೋವು ಈಗ ಹೇಗಿದೆ? ಹಡಗು ಹೊಯ್ದಾಡುವಾಗ ಊರಿಗೆಲ್ಲ ವಾಂತಿ ಮಾತ್ರೆ ಹಂಚುವ ನರ್ಸಮ್ಮನಿಗೇ ಮೊದಲು ವಾಂತಿ ಬರುತ್ತದೆ ಎಂದು ನೀನು ಬರೆದದ್ದನ್ನು ಓದಿ ನನಗೆ ನಗು ತಡೆಯಲಾಗಲಿಲ್ಲ. ಅಪ್ಪನಿಗೂ ಓದಿ ಹೇಳಿದೆ. ಅವರು ನಗಲಿಲ್ಲ. ಕೇಳಿಸಲಿಲ್ಲವೋ, ಕೇಳಿಸಿ ಪಾಪ ಎನಿಸಿತೋ ಗೊತ್ತಾಗಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ರೋಗಿಗಳಿಗೆ ಹೇಳುವುದರಲ್ಲಿ ಅರ್ಧವನ್ನು ನೀನು ಪಾಲಿಸಿದರೂ ನಿನ್ನ ಸೊಂಟ ನೆಟ್ಟಗಾದೀತು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪನ ಕೆಮ್ಮು ಹೋಗಿದೆ. ನನ್ನನ್ನು ಒಂದು ಶಾಲೆಯವರು ಸಂದರ್ಶನಕ್ಕೆ ಕರೆದಿದ್ದರು, ಹೋಗಿಬಂದೆ. ಪಾಠ ಮಾಡಿ ತೋರಿಸಿ ಎಂದರು. ಮಾಡಿದೆ. ಪಾಠವೇನೋ ಚೆನ್ನಾಗಿತ್ತಂತೆ, ಆದರೆ ಹಿಂದಿನ ಬೆಂಚಿನವರೆಗೆ ತಲುಪಲಿಲ್ಲವಂತೆ. ಹೀಗಾಗಿ ಸಾಹಿತ್ಯದ ಪದವಿ ಪಡೆದವಳು ಇನ್ನೂ ಅಂಗಡಿಯ ಮೇಜಿನ ಮುಂದೆ ಕೂತು ಯಾವ ಕಾರಿಗೆ ಎಷ್ಟು ಇಂಚಿನ ಸ್ಪೀಕರ್ ಎಂದು ಬರೆದುಕೊಳ್ಳುತ್ತಿದ್ದೇನೆ. ಬೇಸರವೇನಿಲ್ಲ. ಇಲ್ಲಿ ಹಿಂದಿನ ಬೆಂಚೇ ಇಲ್ಲ.

ಗುರುವಾರ ನೀನು ಬಂದರಿನಿಂದ ಫೋನ್ ಮಾಡಿದಾಗ ಮೊದಲು ಕೇಳಿದ್ದು, ಅಪ್ಪ ಕಿವಿ ಮಿಷನ್ ಹಾಕಿಕೊಳ್ಳುತ್ತಿದ್ದಾರಾ ಎಂದು. ನಾನು ಹೂಂ ಎಂದೆ. ಆ ಹೂಂ ಸುಳ್ಳು, ಅಕ್ಕಾ. ಅಪ್ಪ ಎದುರಿಗೇ ಕೂತು ನನ್ನ ಮುಖ ನೋಡುತ್ತಿದ್ದರು. ನಿನಗೆ ಹೇಳಕೂಡದು ಎಂದು ಮೊದಲೇ ಆಣೆ ಹಾಕಿಸಿಕೊಂಡಿದ್ದರು. ಬಾಯಿಂದ ಹೇಳುವುದಿಲ್ಲ ಎಂದಷ್ಟೇ ಆಣೆ ಮಾಡಿದ್ದೆ, ಆದ್ದರಿಂದ ಬರೆಯುತ್ತಿದ್ದೇನೆ. ಇದು ನಿನ್ನ ಕೈಸೇರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ಅದೂ ಗೊತ್ತು. ಆದರೂ ಯಾರಿಗಾದರೂ ಹೇಳದಿದ್ದರೆ ನನ್ನ ಎದೆ ಒಡೆದುಹೋಗುತ್ತದೆ.

ಹೋದ ತಿಂಗಳು ನಮ್ಮ ಅಂಗಡಿಗೆ ಒಬ್ಬ ಹಲ್ಲಿನ ಡಾಕ್ಟರು ಬಂದರು. ಬೂದು ಬಣ್ಣದ ಸೆಡಾನ್ ಕಾರು, ಒಳಗೆಲ್ಲ ಅವರ ಆಸ್ಪತ್ರೆಯದೇ ವಾಸನೆ. ದಿನವಿಡೀ ಕಿವಿಯ ಪಕ್ಕದಲ್ಲಿ ಹಲ್ಲು ಕೊರೆಯುವ ಮಿಷನ್ನು ಕುಂಯ್ ಎನ್ನುತ್ತಿರುತ್ತದಂತೆ, ನಿದ್ದೆಯಲ್ಲೂ ಅದೇ ಸದ್ದಂತೆ. ಮನೆಗೆ ಹೋಗುವ ಅರ್ಧ ಗಂಟೆಯಾದರೂ ಗುಡುಗಿನಂಥ, ಎದೆಗೆ ಬಂದು ತಾಗುವಂಥ ಸದ್ದು ಬೇಕು ಎಂದರು. ಆದರೆ ಡಿಕ್ಕಿಯಲ್ಲಿ ಪೆಟ್ಟಿಗೆ ಇಟ್ಟದ್ದು ಕಾಣಬಾರದು. ಅವರ ಅತ್ತೆಯ ಗಾಲಿಕುರ್ಚಿ ಆ ಡಿಕ್ಕಿಯಲ್ಲೇ ಹೋಗಬೇಕು. ಒಂದಿಂಚು ಜಾಗ ಕಡಿಮೆಯಾದರೂ ಮನೆಯವಳು ತನ್ನನ್ನೇ ಡಿಕ್ಕಿಯಲ್ಲಿ ಕೂರಿಸುತ್ತಾಳೆ ಎಂದು ತಾವೇ ನಕ್ಕರು. ಬೇರೆ ಮೂರು ಅಂಗಡಿಯವರು ಆಗುವುದಿಲ್ಲ ಎಂದಿದ್ದರಂತೆ. ಅಪ್ಪ ಡಿಕ್ಕಿಯೊಳಗೆ ತಲೆ ಹಾಕಿ, ಅಲ್ಲಿ ಇಲ್ಲಿ ಬೆರಳಿನಿಂದ ತಟ್ಟಿ ನೋಡಿ, ಮಾಡೋಣ ಎಂದರು. ಆಗ ನೀನು ತಂದುಕೊಟ್ಟ ಮಿಷನ್ನು ಅವರ ಕಿವಿಯ ಹಿಂದೆ, ಕೂದಲಿನ ಮರೆಯಲ್ಲಿ ಇತ್ತು. ಅದನ್ನು ಹಾಕಿಕೊಂಡ ಮೊದಲ ದಿನ ಅವರು ಏನು ಕೇಳಿದರು ಗೊತ್ತಾ? ಕಾರು ತಿರುಗಿಸುವಾಗ ಹಾಕುವ ದೀಪ ಟಿಕ್ ಟಿಕ್ ಅನ್ನುತ್ತದಲ್ಲ, ಇದು ಯಾವಾಗಿನಿಂದ ಶಬ್ದ ಮಾಡುತ್ತೆ ಎಂದು ಕೇಳಿದರು.

ಒಂಬತ್ತು ದಿನ ಕೆಲಸ ನಡೆಯಿತು. ಎರಡು ಸಬ್‌ವೂಫರ್, ಅದೇ ಗುಡುಗಿನ ಸದ್ದಿನ ದೊಡ್ಡ ಸ್ಪೀಕರ್. ಒಂದನ್ನು ಸ್ಟೆಪ್ನಿ ಚಕ್ರ ಕೂರುವ ಗುಂಡಿಯಲ್ಲಿ ಅಡಗಿಸಿದರು. ಇನ್ನೊಂದಕ್ಕೆ ಎಡಗಡೆ ಚಕ್ರದ ಗೂಡಿನ ಹಿಂದಿರುವ ಪೊಳ್ಳು ಜಾಗ. ಅದು ಯಾವ ಆಕಾರಕ್ಕೂ ಸೇರದ, ಸೊಟ್ಟಂಬಟ್ಟ ಜಾಗ. ಅಪ್ಪ ಅದರ ಒಳಮೈಗೆ ಟೇಪು ಅಂಟಿಸಿ, ಫೈಬರ್ ಬಟ್ಟೆಯನ್ನು ರಾಳದಲ್ಲಿ ಅದ್ದಿ ಪದರದ ಮೇಲೆ ಪದರ ಹಚ್ಚಿ, ಒಣಗಿದ ಮೇಲೆ ಆ ಪೊಳ್ಳಿನದೇ ಅಚ್ಚು ತೆಗೆದು ಪೆಟ್ಟಿಗೆ ಮಾಡಿದರು. ರಾಳದ ವಾಸನೆ ಮೇಲಿನ ಕೋಣೆಗೂ ಬಂದು, ನಿನ್ನ ದಿಂಬಿಗೂ ಹತ್ತಿದೆ. ಡಾಕ್ಟರ ಅತ್ತೆಯ ಗಾಲಿಕುರ್ಚಿಯನ್ನು ಮಡಚಿ ತರಿಸಿಕೊಂಡು ಹತ್ತು ಸಲ ಇಟ್ಟು ತೆಗೆದು ನೋಡಿದರು. ಅವರ ಪದ್ಧತಿ ನಿನಗೆ ಗೊತ್ತೇ ಇದೆ. ಒಂದು ಸ್ಕ್ರೂ ತಲೆಯೂ ಹೊರಗೆ ಕಾಣಬಾರದು. ಪೆಟ್ಟಿಗೆಯನ್ನು ಒಳಗೆ ಕೂರಿಸಿದ ಮೇಲೆ ಸುತ್ತಲಿನ ಸಂದಿಗೆ ಉಬ್ಬುವ ನೊರೆ ತುಂಬಿಸುತ್ತಾರೆ. ಅದು ಹತ್ತು ನಿಮಿಷದಲ್ಲಿ ಕಲ್ಲಾಗುತ್ತದೆ. ಆಮೇಲೆ ಆ ಪೆಟ್ಟಿಗೆ ಬೇಕೆಂದರೆ ಕತ್ತರಿಸಿಯೇ ತೆಗೆಯಬೇಕು. ಬೇರೆಯವರು ಬೋಲ್ಟು ಹಾಕುತ್ತಾರೆ, ಅಪ್ಪ ಹಾಕುವುದಿಲ್ಲ. ಸಡಿಲ ಇದ್ದದ್ದು ಮಾತಾಡುತ್ತೆ, ನಮ್ಮ ಕೆಲಸ ಮಾತಾಡಬಾರದು ಎನ್ನುತ್ತಾರೆ. ಅಂಥ ಕೆಲಸವನ್ನು ಅವರು ಈ ಹತ್ತು ವರ್ಷದಲ್ಲಿ ಮಾಡಿರಲಿಲ್ಲ, ಅಕ್ಕಾ. ಅಮ್ಮ ಹೋದ ಮೇಲೆ ಅವರು ಕೆಲಸದ ನಡುವೆ ಗುನುಗಿದ್ದನ್ನು ನಾನು ಕೇಳಿದ್ದು ಇದೇ ಮೊದಲು.

ಹೋದ ಮಂಗಳವಾರ ಪೆಟ್ಟಿಗೆ ಕೂರಿಸುವ ದಿನ. ಅಂಚು ಉಜ್ಜುವ ಯಂತ್ರ ಶುರು ಮಾಡಿದರೆ ಮಿಷನ್ನು ಆ ಸದ್ದನ್ನು ನೂರು ಪಟ್ಟು ಮಾಡಿ ಕಿವಿಗೆ ಬಡಿಯುತ್ತದಂತೆ, ಅದಕ್ಕೆ ಅಪ್ಪ ಅದನ್ನು ತೆಗೆದು ಪೊಳ್ಳಿನೊಳಗೆ ತಗಡು ಮಡಚಿಕೊಂಡಿರುವ ಒಂದು ಸಣ್ಣ ಅಂಚಿನ ಮೇಲೆ ಇಟ್ಟರು. ನಾನು ಕಾಫಿ ಕೊಡಲು ಹೋದವಳು ನೋಡಿದೆ. ಗೋಡಂಬಿಯಷ್ಟು ದಪ್ಪ, ಮೈಬಣ್ಣದ್ದು, ಆ ಕಪ್ಪು ತಗಡಿನ ಮೇಲೆ ಎದ್ದು ಕಾಣುತ್ತಿತ್ತು. ಬ್ಯಾಟರಿಯ ಬಾಗಿಲು ತೆಗೆದು ಆರಿಸಿರಲಿಲ್ಲ. ಹೇಳೋಣ ಎನ್ನುವಷ್ಟರಲ್ಲಿ ಡಾಕ್ಟರು ಕೆಲಸ ನೋಡಲು ಒಳಗೆ ಬಂದೇಬಿಟ್ಟರು. ಗಿರಾಕಿಯ ಮುಂದೆ ಆ ಮಾತು ಎತ್ತಕೂಡದು ಎಂಬುದು ಅಪ್ಪನ ಕಟ್ಟಪ್ಪಣೆ. ಕಿವುಡನ ಅಂಗಡೀಲಿ ಯಾರು ಸೌಂಡ್ ಹಾಕಿಸ್ತಾರೆ ಎನ್ನುತ್ತಾರೆ. ನಾನು ಅಪ್ಪನನ್ನು ನೋಡಿ ನನ್ನ ಕಿವಿ ಮುಟ್ಟಿಕೊಂಡು ತೋರಿಸಿದೆ. ಅವರು ತಮ್ಮ ಕಿವಿಗೆ ಪುಡಿ ಹತ್ತಿದೆ ಎಂದುಕೊಂಡು ಭುಜದಿಂದ ಒರೆಸಿಕೊಂಡರು. ಮತ್ತೆ ತೋರಿಸಿದೆ. ಇನ್ನೊಂದು ಕಿವಿಯನ್ನೂ ಒರೆಸಿಕೊಂಡರು. ಆಗಲೇ ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಯಾರೋ ಹಾರ್ನ್ ಬದಲಿಸಬೇಕು ಎಂದು ಎರಡು ನಿಮಿಷ ಕೊರೆದರು. ನಿನಗೆ ಗೊತ್ತಲ್ಲ, ನನಗೆ ಯಾರ ಮಾತನ್ನೂ ನಡುವೆ ತುಂಡರಿಸಲು ಬರುವುದಿಲ್ಲ. ತಿರುಗಿ ಬಂದಾಗ ಪೆಟ್ಟಿಗೆ ಒಳಗೆ ಕೂತಿತ್ತು, ಸಂದಿಗಳಿಂದ ಹಳದಿ ನೊರೆ ಉಬ್ಬುತ್ತಿತ್ತು. ಡಾಕ್ಟರು ಅಪ್ಪನ ಬೆನ್ನು ತಟ್ಟುತ್ತಿದ್ದರು. ಹತ್ತು ನಿಮಿಷ, ಅಕ್ಕಾ. ಹತ್ತು ನಿಮಿಷ ನಾನು ಆ ನೊರೆ ಗಟ್ಟಿಯಾಗುವುದನ್ನು ನೋಡುತ್ತಾ ನಿಂತಿದ್ದೆ.

ಆ ಸಂಜೆ ಅಪ್ಪ ಅಂಗಡಿಯನ್ನೆಲ್ಲ ತಡಕಾಡಿದರು. ಕಸದ ಮೂಟೆ ಬಿಚ್ಚಿ ಮರದ ಪುಡಿಯನ್ನು ಜರಡಿ ಹಿಡಿದರು. ನಾನೂ ಜೊತೆಗೆ ಕೂತು ಜರಡಿ ಹಿಡಿದೆ. ಇಲ್ಲದ ಕಡೆ ಹುಡುಕುವುದಕ್ಕೆ ಎಷ್ಟು ಶ್ರದ್ಧೆ ಬೇಕು ಎಂದು ನನಗೆ ಆವತ್ತು ಗೊತ್ತಾಯಿತು. ಅದು ಎಲ್ಲಿದೆ ಎಂದು ನಾನು ಹೇಳಿದ್ದರೆ ಅವರು ತಮ್ಮ ಕೈಯಾರೆ ಆ ಪೆಟ್ಟಿಗೆ ಒಡೆಯಬೇಕಿತ್ತು, ಒಡೆಯುವುದು ಯಾಕೆಂದು ಡಾಕ್ಟರಿಗೆ ಹೇಳಬೇಕಿತ್ತು. ನಿನ್ನ ಆರು ತಿಂಗಳ ಸಂಬಳದ ವಸ್ತು ಕಳೆದುಬಿಟ್ಟೆ ಎಂದು ಅವರು ಒಂದೇ ಒಂದು ಸಲ ಹೇಳಿದರು, ಅದೂ ನನಗಲ್ಲ, ಜರಡಿಗೆ.

ಶನಿವಾರ ಡಾಕ್ಟರು ಕಾರು ತಂದರು. ಸದ್ದು ಅದ್ಭುತವಾಗಿದೆ, ಸೀಟು ಬೆನ್ನು ನೀವಿದ ಹಾಗಾಗುತ್ತೆ, ಆದರೆ ಹಾಡು ನಿಲ್ಲಿಸಿದಾಗ ಹಿಂದಿನಿಂದ ಸಣ್ಣಗೆ ಸಿಳ್ಳೆ ಬರುತ್ತಿದೆ ಎಂದರು. ಎಂಜಿನ್ ಆರಿಸಿದರು. ಅಂಗಡಿಯೆಲ್ಲ ನಿಶ್ಶಬ್ದ. ಬಂತು. ದಾರದಷ್ಟು ತೆಳ್ಳಗೆ, ಎಡೆಬಿಡದೆ. ನೀನು ಮಿಷನ್ ತಂದ ದಿನ ಅದನ್ನು ಮುಷ್ಟಿಯಲ್ಲಿ ಮುಚ್ಚಿ, ನೋಡು, ಬ್ಯಾಟರಿ ಬಾಗಿಲು ತೆಗೆಯದೆ ಇಕ್ಕಟ್ಟಿನಲ್ಲಿ ಇಟ್ಟರೆ ಹೀಗೆ ಕೂಗುತ್ತೆ ಎಂದು ಕೇಳಿಸಿದ್ದೆಯಲ್ಲ, ಅದೇ ಕೂಗು. ಪೊಳ್ಳಿನೊಳಗೆ ಕೂತು ನಾಲ್ಕು ದಿನದಿಂದ ಕೂಗುತ್ತಲೇ ಇತ್ತು.

ಅಪ್ಪ ಡಿಕ್ಕಿಯೊಳಗೆ ಅರ್ಧ ಮೈ ತೂರಿಸಿ, ಕಾರ್ಪೆಟ್ಟಿಗೆ ಕಿವಿ ಹಚ್ಚಿದರು. ಅಂಗೈ ಊರಿ ನೋಡಿದರು. ದಪ್ಪ ಸದ್ದೆಲ್ಲ ಅವರಿಗೆ ಅಂಗೈಯಲ್ಲೇ ಸಿಗುತ್ತದೆ, ಆದರೆ ಇದು ಅಂಗೈಗೆ ಸಿಗುವ ಸದ್ದಲ್ಲ. ಎದ್ದು ನಿಂತು, ಏನೂ ಇಲ್ವಲ್ಲ ಡಾಕ್ಟ್ರೇ ಎಂದರು. ಅವರ ಮಟ್ಟಿಗೆ ಅದು ಅಪ್ಪಟ ನಿಜ. ಡಾಕ್ಟರು, ಇಲ್ಲೇ ಇದೆಯಲ್ಲ, ನನ್ನ ಕ್ಲಿನಿಕ್ಕೇ ಬೆನ್ನು ಹತ್ತಿ ಬಂದ ಹಾಗಿದೆ ಎಂದರು. ಆಗ ಅಪ್ಪ ನನ್ನ ಕಡೆ ತಿರುಗಿದರು.

"ಇವಳನ್ನೇ ಕೇಳಿ. ಇರುವೆ ನಡೆದರೂ ಕೇಳಿಸುತ್ತೆ ಇವಳಿಗೆ. ಏನಮ್ಮಾ, ಕೇಳಿಸ್ತಿದೆಯಾ?"

ನಾನು ಇಲ್ಲ ಎಂದೆ.

ಡಾಕ್ಟರು ಡಿಕ್ಕಿಯ ಬಾಗಿಲು ಮುಚ್ಚಿದರು. ಅವರ ಅತ್ತೆಯನ್ನೂ ಕೇಳಿದ್ದರಂತೆ, ಅವರೂ ಇಲ್ಲ ಎಂದಿದ್ದರಂತೆ. ಹೆಂಡತಿಯನ್ನು ಕೇಳುವ ಧೈರ್ಯ ಮಾಡಿಲ್ಲವಂತೆ. ಮೂರು ಜನ ಇಲ್ಲ ಅಂದಮೇಲೆ ನನ್ನ ಕಿವಿಯೇ ಕೆಟ್ಟಿರಬೇಕು ಎಂದು ಮೆಲ್ಲಗೆ ಹೇಳಿದರು. ಇಪ್ಪತ್ತು ವರ್ಷ ಕೊರೆಯುವ ಮಿಷನ್ನಿನ ಪಕ್ಕದಲ್ಲಿದ್ದರೆ ಹೀಗೆ ಸಿಳ್ಳೆ ಶುರುವಾಗುತ್ತದೆ ಎಂದು ಅವರ ಗುರುಗಳೊಬ್ಬರು ಹೇಳಿದ್ದರಂತೆ. ಅಪ್ಪ ಅವರ ಭುಜದ ಮೇಲೆ ಕೈ ಇಟ್ಟರು. ಎಷ್ಟು ಕಕ್ಕುಲತೆಯಿಂದ ಇಟ್ಟರೆಂದರೆ ನನಗೆ ಅಳು ಬಂತು. "ಒಂದ್ಸಲ ಕಿವಿ ತೋರಿಸ್ಕೊಂಡ್ಬಿಡಿ ಡಾಕ್ಟ್ರೇ. ಇದರಲ್ಲಿ ನಾಚಿಕೆ ಪಡೋದೇನಿದೆ?" ಎಂದರು. ನಿನ್ನಿಂದ ಕೇಳಿದ್ದ ಮಾತನ್ನೇ, ಒಂದಕ್ಷರ ಬಿಡದೆ.

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ. ಬಿಡದೆ ಇದ್ದರೆ ಏನಾಗುತ್ತದೆ ಎಂದು ಯಾವ ಗಾದೆಯೂ ಹೇಳಿಲ್ಲ. ಒಬ್ಬ ಒಳ್ಳೆಯ ಮನುಷ್ಯ ನಾಳೆ ಕಿವಿಯ ಡಾಕ್ಟರ ಮುಂದೆ ಕೂತು, ತನ್ನದಲ್ಲದ ರೋಗವನ್ನು ವಿವರಿಸುತ್ತಾನೆ. ಇತ್ತ ಅಪ್ಪ ಮತ್ತೆ ಮೊದಲಿನ ಹಾಗೆ ನಾನು ಕರೆದರೆ ತಿರುಗದೆ, ಕೆಟಲ್ಲಿನಲ್ಲಿ ನೀರು ಬತ್ತಿ ಸೀಯುವವರೆಗೆ ಪೇಪರ್ ಓದುತ್ತಾ ಕೂರುತ್ತಾರೆ. ಬ್ಯಾಟರಿ ಹತ್ತು ದಿನ ಬರುತ್ತದೆ ಎಂದಿದ್ದೆ ನೀನು. ನಾನು ದಿನ ಎಣಿಸುತ್ತಿದ್ದೇನೆ. ಶುಕ್ರವಾರದ ಹೊತ್ತಿಗೆ ಆ ಸಿಳ್ಳೆ ತಾನಾಗಿ ಸಾಯುತ್ತದೆ, ಆಗ ಯಾರೂ ಯಾರಿಗೂ ಏನನ್ನೂ ಹೇಳಬೇಕಾಗಿಲ್ಲ ಎಂದು ಒಂದು ಮನಸ್ಸು. ಆದರೆ ನಿಂತುಹೋದರೂ ಅದು ನನ್ನ ಕಿವಿಯಲ್ಲಿ ನಿಲ್ಲುವುದಿಲ್ಲ ಎಂದು ಇನ್ನೊಂದು. ನೀನು ಇಲ್ಲಿದ್ದಿದ್ದರೆ ಮೊದಲ ದಿನವೇ ಅಂಗಡಿ ನಡುಗುವ ಹಾಗೆ ಕೂಗಿ ಆ ನೊರೆಗೆ ಕೈಹಾಕಿ ಅದನ್ನು ಕಿತ್ತು ತೆಗೆದಿರುತ್ತಿದ್ದೆ. ದೇವರು ಬಾಯನ್ನೆಲ್ಲ ನಿನಗೆ ಕೊಟ್ಟು, ನಿನ್ನನ್ನು ಸಮುದ್ರಕ್ಕೆ ಕಳಿಸಿಬಿಟ್ಟ. ಈಗ ಅಂಗಡಿಯಲ್ಲಿ ಉಳಿದಿರುವುದು ಒಬ್ಬ ಕಿವುಡ, ಒಬ್ಬಳು ಮೂಗಿ.

ನನ್ನನ್ನು ಬೈದು ಬರೆ. ಅಪ್ಪನಿಗೆ ಬೈಯಬೇಡ. ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೋ, ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೋ. ಸಮುದ್ರ ನಿನ್ನನ್ನು ಅಲುಗಾಡಿಸದೆ ಇಟ್ಟುಕೊಂಡಿರಲಿ.

ನಿನ್ನ ತಂಗಿ,
ಮೂಗಿ

ಮರೆತದ್ದು: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದ್ದೇನೆ. ಅಪ್ಪ ಈಗ ಮೇಲೆ ಬಂದು ನಿನ್ನ ಮಂಚದ ಮೇಲೆ ಕೂತರು. ಆ ಸಿಳ್ಳೆ ಹೇಗಿತ್ತು ಎಂದು ಕೇಳಿದರು. ಆ ಮಿಷನ್ ಬರೋಕೆ ಮುಂಚಿನಿಂದಲೂ ನಾನು ಜನರ ಬಾಯಿ ನೋಡ್ಕೊಂಡೇ ಬದುಕ್ತಿದ್ದೀನಿ ಕಣಮ್ಮಾ, ನೀನು ಇಲ್ಲ ಅಂದಾಗ ನಿನ್ನ ಬಾಯಿ ಇಲ್ಲ ಅನ್ನಲಿಲ್ಲ ಎಂದರು. ಎಲ್ಲವನ್ನೂ ಹೇಳಿದೆ. ಕೊನೆಯವರೆಗೂ ಕೇಳಿದರು, ಅಂದರೆ ನನ್ನ ಬಾಯಿ ನೋಡಿದರು. ಬೈಯಲಿಲ್ಲ. ಕತ್ತರಿಸುವ ಯಂತ್ರಕ್ಕೆ ಹೊಸ ಅಲಗು ಹಾಕಿ ಇಟ್ಟಿದ್ದಾರಂತೆ. ಒಡೆಯೋದು ನನ್ನ ಕೆಲಸ, ಡಾಕ್ಟರಿಗೆ ಹೇಳೋದು ನಿಂದು, ಫೋನಲ್ಲಿ ನನಗೆ ಕೇಳಿಸಲ್ಲ ಎಂದರು. ಕೇಳಿಸಲ್ಲ ಎಂಬ ಮಾತು ಅವರ ಬಾಯಿಂದ ಬಂದದ್ದು ಇದೇ ಮೊದಲು, ಅಕ್ಕಾ. ಡಾಕ್ಟರ ಆಸ್ಪತ್ರೆ ನಾಲ್ಕಕ್ಕೆ ತೆರೆಯುತ್ತದೆ. ಈಗ ನಾಲ್ಕಕ್ಕೆ ಐದು ನಿಮಿಷ. ಫೋನು ನನ್ನ ತೊಡೆಯ ಮೇಲಿದೆ, ಮೊದಲ ಮಾತು ಯಾವುದು ಎಂದೇ ಗೊತ್ತಾಗುತ್ತಿಲ್ಲ. ಅಪ್ಪ ಎದುರಿಗೆ ಕೂತಿದ್ದಾರೆ. ಜೋರಾಗಿ ಹೇಳು, ನನಗೂ ಕೇಳಿಸಬೇಕು ಎನ್ನುತ್ತಿದ್ದಾರೆ.